ಮೊಣಕಾಲು ಅಂದುಕೋ

ಜೂನ್ 3

ಡುಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಊಟದ ಮೇಜಿನ ನಡುವೆ ಇಡುತ್ತಾರೆ. ನಿನ್ನ ಭಾವ ಒಂದು ಕಡೆಯಿಂದ, ಮಗಳು ಇನ್ನೊಂದು ಕಡೆಯಿಂದ ಬಾಯಿ ಹಾಕುತ್ತಾರೆ. ನೀನು ಹಾಸ್ಟೆಲಿನಲ್ಲಿದ್ದಾಗ ನಾನು ಬರೆಯುತ್ತಿದ್ದೆನಲ್ಲ, ಹಾಗೆ ಬರೆಯೋಣ ಅನ್ನಿಸಿತು. ಈಗ ಕೆಲಸದಲ್ಲಿದ್ದೇನೆ, ಕೂಸುಗಳೆಲ್ಲ ಮಲಗಿವೆ. ಗೋಡೆಗೆ ಒರಗಿ, ಹಾಜರಿ ಪುಸ್ತಕವನ್ನು ಅಡಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಗಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ನನಗೆ ನಿನ್ನ ಯೋಗ ಬೇಕಾಗಿದೆ. ಕಾಲು ಮಡಿಸಿ ಕೂರುವುದಕ್ಕೂ ಸರ್ಟಿಫಿಕೇಟಾ ಅಂತ ಆಡಿಕೊಂಡವಳು ನಾನೇ, ಮರೆತಿಲ್ಲ. ಈಗ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೇನೆ.

ವಿಷಯ ಏನೆಂದರೆ, ನಮ್ಮ ಶಿಶುಪಾಲನಾ ಕೇಂದ್ರಕ್ಕೆ ಹೊಸ ಮೇಡಂ ಬಂದಿದ್ದಾರೆ. ತೆವಳುವ ಕೂಸುಗಳ ಕೋಣೆ ನನ್ನದು ಅಂತ ನಿನಗೆ ಗೊತ್ತು. ಅಲ್ಲಿ ಮೇಜಿಲ್ಲ, ಕುರ್ಚಿಯಿಲ್ಲ, ಕೆಲಸವೆಲ್ಲ ನೆಲದ ಮೇಲೆಯೇ. ಆ ಕೋಣೆಯಲ್ಲಿ ಇರುವವರು ಮಗುವನ್ನು ಎತ್ತಿಕೊಂಡು, ಏನನ್ನೂ ಹಿಡಿಯದೆ, ನೆಲದಿಂದ ಏಳಬೇಕಂತೆ. ಆಗಸ್ಟ್ ಕೊನೆಗೆ ಎಲ್ಲರಿಗೂ ಪರೀಕ್ಷೆ. ಆಗದವರು ಬೇರೆ ಕೋಣೆಗೆ. ನಿಯಮ ಸರಿಯಾಗಿಯೇ ಇದೆ, ಮಗು ಕೈಯಲ್ಲಿದ್ದಾಗ ಬಿದ್ದರೆ ಯಾರು ಜವಾಬ್ದಾರಿ? ಆದರೆ ನನಗೆ ಏಳಲು ಆಗುತ್ತಿಲ್ಲ. ಕಪಾಟಿನ ಅಂಚು ಹಿಡಿದು ಏಳುತ್ತೇನೆ, ಯಾರಾದರೂ ಕಂಡರೆ ಕಪಾಟಿನಲ್ಲಿ ಏನೋ ಹುಡುಕುತ್ತಿರುವ ಹಾಗೆ ಕೈ ಆಡಿಸುತ್ತೇನೆ. ಈ ಕೋಣೆ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ ಡುಮ್ಮಾ. ಕೂಸುಗಳ ವಾಸನೆ ಇಲ್ಲದೆ ನಾನು ಏನು ಮಾಡಲಿ?

ನೋವು ಎಲ್ಲಿ ಅಂತ ಕೇಳುತ್ತೀಯ. ಎಲ್ಲಿ ಅಂದರೆ, ಕಾಲಿನಲ್ಲಿ. ಬಲಗಾಲು. ಮೊಣಕಾಲು ಅಂದುಕೋ. ಹೌದು, ಮೊಣಕಾಲೇ. ವಯಸ್ಸಾಯಿತಲ್ಲ.

ಏನಾದರೂ ಬರೆದು ಕಳಿಸು. ನೀನೂ ಇತ್ತಕಡೆ ಬಂದು ಯಾವ ಕಾಲವಾಯಿತು. ದೊಡ್ಡ ಮೇಷ್ಟ್ರಾದ ಮೇಲೆ ಅಕ್ಕನ ಮನೆ ಚಿಕ್ಕದಾಯಿತೇನೋ.

ನಿನ್ನ ಅಕ್ಕ


ಜೂನ್ 12

ಅಕ್ಕಾ,

ನಿನ್ನ ಕಾಗದ ಓದಿ ಒಬ್ಬನೇ ನಗುತ್ತಿದ್ದೆ. ಇವಳು ಒಳಗಿನಿಂದ ಬಂದು ಏನಾಯಿತು ಎಂದಳು. ನಮ್ಮ ಅಕ್ಕ ಕೊನೆಗೂ ನನ್ನ ಶಿಷ್ಯೆಯಾದಳು ಎಂದೆ. ಕ್ಷಮಿಸು, ನಗಬಾರದು ಎಂದು ನೀನು ಬರೆದಿದ್ದೆ, ಆದರೆ ಇಷ್ಟು ವರ್ಷ ಕಾದಿದ್ದೇನೆ.

ಮೊಣಕಾಲು ಎಂದರೆ ನೀನು ಸರಿಯಾದ ಬಾಗಿಲನ್ನೇ ತಟ್ಟಿದೆ. ನನ್ನ ಬೆಳಗಿನ ತರಗತಿಯಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಅರ್ಧ ಜನಕ್ಕೆ ಮೊಣಕಾಲು ನೋವು. ನಮ್ಮ ಯೋಗದ ಹಾಲ್‌ನ ಕೆಳಗಿನ ಪೀಠೋಪಕರಣದ ಅಂಗಡಿಯವನು ನನ್ನನ್ನು ಮೊಣಕಾಲು ಸರ್ ಎಂದೇ ಕರೆಯುತ್ತಾನೆ.

ಗಮನವಿಟ್ಟು ಓದು. ಮೊಣಕಾಲು ಪಾಪದ್ದು, ತಪ್ಪು ಅದರದ್ದಲ್ಲ. ಸೊಂಟದ ಕೀಲು ಬಿಗಿಯಾಗಿದ್ದರೆ ತಿರುಗಬೇಕಾದದ್ದು ತಿರುಗುವುದಿಲ್ಲ, ಆ ಭಾರವನ್ನೆಲ್ಲ ಮೊಣಕಾಲು ಹೊರುತ್ತದೆ. ಆದ್ದರಿಂದ ನಾವು ಸೊಂಟವನ್ನು ತೆರೆಯಬೇಕು. ಮೊದಲು ಬದ್ಧಕೋಣಾಸನ, ನಾವು ಚಿಟ್ಟೆ ಎನ್ನುತ್ತೇವೆ. ಎರಡೂ ಪಾದ ಜೋಡಿಸಿ, ಹಿಮ್ಮಡಿಯನ್ನು ಮೈಯ ಹತ್ತಿರಕ್ಕೆ ಎಳೆದುಕೊಂಡು, ತೊಡೆಗಳನ್ನು ನೆಲಕ್ಕೆ ಇಳಿಸು. ಆಮೇಲೆ ಮಾಲಾಸನ, ಅಂದರೆ ಪೂರ್ತಿ ಕುಕ್ಕುರುಗಾಲಿನಲ್ಲಿ ಕೂರುವುದು. ಇದರ ಜೊತೆ ಕಡ್ಡಿಮನುಷ್ಯರ ಚಿತ್ರ ಬರೆದು ಇಟ್ಟಿದ್ದೇನೆ. ಒಳತೊಡೆ ಎಳೆಯುತ್ತದೆ, ಎಳೆಯಲಿ. ಅದು ತೆರೆದುಕೊಳ್ಳುವ ನೋವು, ಹೆದರಬೇಡ.

ನಾನೀಗ ತರಗತಿಯಲ್ಲಿ ಆಸನ ಮಾಡಿ ತೋರಿಸುವುದಿಲ್ಲ. ಹಿರಿಯ ವಿದ್ಯಾರ್ಥಿಗಳು ಮಾಡುತ್ತಾರೆ, ನಾನು ನಡುವೆ ಓಡಾಡಿ ತಿದ್ದುತ್ತೇನೆ. ಕಲಿಸುವವನು ನೋಡಬೇಕು, ಕುಣಿಯಬಾರದು. ಹಾಲ್ ಬಿಟ್ಟು ಬರುವುದಕ್ಕೇ ಆಗುತ್ತಿಲ್ಲ ಅಕ್ಕಾ, ಅಷ್ಟು ಜನ. ಚಿಕ್ಕದು ದೊಡ್ಡದು ಎಂದೆಲ್ಲ ಅನ್ನಬೇಡ.

ನಿನ್ನ ತಮ್ಮ


ಜೂನ್ 28

ಡುಮ್ಮಾ,

ನಿನ್ನ ಕಡ್ಡಿಮನುಷ್ಯರನ್ನು ಕೂಸುಗಳ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಅದರಲ್ಲಿ ಒಂದಕ್ಕೆ ಮೂಗು ಯಾಕೆ ಬರೆದೆಯೋ. ಅದು ಅಪ್ಪನ ಮೂಗೇ. ಒಂದು ಕೂಸು ದಿನವೂ ಅದನ್ನು ಮುಟ್ಟಿ ನಗುತ್ತದೆ.

ಚಿಟ್ಟೆ ಮಾಡುತ್ತಿದ್ದೇನೆ. ಚಿಟ್ಟೆ ಹಾರುತ್ತಿಲ್ಲ. ಎಡರೆಕ್ಕೆ ನೆಲಕ್ಕೆ ಬರುತ್ತದೆ, ಬಲರೆಕ್ಕೆ ಅರ್ಧದಲ್ಲಿ ನಿಂತುಬಿಡುತ್ತದೆ. ಎಳೆಯುವುದು ಅಂತ ನೀನು ಬರೆದೆ. ನನಗೆ ಎಳೆದ ಹಾಗೆ ಅನ್ನಿಸುವುದಿಲ್ಲ, ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ ಅನ್ನಿಸುತ್ತದೆ. ಕುಕ್ಕುರುಗಾಲಿನಲ್ಲಿ ಕೂತರೆ ಏಳಲು ಆಗಲೇ ಇಲ್ಲ, ಜೊತೆಯವಳು ಕೈ ಹಿಡಿದು ಎತ್ತಿದಳು. ಅವಳ ಹತ್ತಿರವೂ ಮೊಣಕಾಲು ಅಂದೆ.

ಒಂದು ವಿಷಯ ಕೇಳಬೇಕು. ಮೊಣಕಾಲಿನ ನೋವು ಮೇಲಕ್ಕೆ ಹೋಗುವುದುಂಟಾ? ಅಂದರೆ ತೊಡೆಯ ಉದ್ದಕ್ಕೂ, ಮೇಲೆ, ಇನ್ನೂ ಮೇಲೆ? ಮೆಟ್ಟಿಲು ಹತ್ತುವಾಗ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತೇನೆ ಈಗ. ಹೆಚ್ಚು ವಿವರ ಕೇಳಬೇಡ. ಹೌದು ಇಲ್ಲ ಅಂತ ಬರೆದರೆ ಸಾಕು.

ಮೇಡಂ ಒಳ್ಳೆಯವರೇ. ನಿನ್ನೆ ನಾನು ಕಪಾಟು ಹಿಡಿದು ಏಳುವುದನ್ನು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ನಿನ್ನ ಅಕ್ಕ


ಜುಲೈ 6

ಅಕ್ಕಾ,

ನೋವು ಮೇಲಕ್ಕೆ ಹೋಗುವುದುಂಟು. ಅದು ಒಳ್ಳೆಯ ಲಕ್ಷಣ. ಕೂತ ಜಾಗ ಬಿಟ್ಟು ಹೊರಡುತ್ತಿದೆ ಎಂದು ಅರ್ಥ. ಈಗ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರುಪಾಲು.

ನೀನು ಸಾಕಷ್ಟು ಒತ್ತುತ್ತಿಲ್ಲ ಎಂದು ಕಾಣುತ್ತದೆ. ಚಿಟ್ಟೆಯಲ್ಲಿ ಕೂತಾಗ ಮೊಣಕೈಯಿಂದ ತೊಡೆಗಳನ್ನು ಕೆಳಕ್ಕೆ ಒತ್ತು. ಆಗದಿದ್ದರೆ ಭಾವನವರಿಗೆ ಹಿಂದೆ ಕೂತು ಎರಡೂ ಕೈಯಿಂದ ಮೆಲ್ಲಗೆ ಒತ್ತಲು ಹೇಳು. ನನ್ನ ತರಗತಿಯ ಹೆಂಗಸರು ಹೇಳಿದ್ದನ್ನು ಮಾಡುತ್ತಾರೆ, ನಿನ್ನ ಹಾಗೆ ಸಾಲು ಸಾಲಾಗಿ ಪ್ರಶ್ನೆ ಕೇಳುವುದಿಲ್ಲ.

ಈ ಸಲ ಚಿತ್ರ ಬರೆಯಲು ಸಮಯವಿಲ್ಲ.

ತಮ್ಮ


ಆಗಸ್ಟ್ 2

ಡುಮ್ಮಾ,

ಇದನ್ನು ನಿನ್ನ ಹೆಂಡತಿಯ ಎದುರು ಓದಬೇಡ.

ಮಂಗಳವಾರ ಬೀಳಬಾರದ ಹೊತ್ತಿನಲ್ಲಿ ಬಿದ್ದೆ. ಅಪ್ಪನ ಮೂಗು ಮುಟ್ಟಿ ನಗುತ್ತದೆ ಅಂತ ಬರೆದಿದ್ದೆನಲ್ಲ, ಆ ಕೂಸು ನನ್ನ ಕೈಯಲ್ಲಿತ್ತು. ಏಳಲು ಹೋದೆ, ಅರ್ಧಕ್ಕೆ ಬಲಗಾಲು ಇಲ್ಲವೇ ಇಲ್ಲ ಅನ್ನಿಸಿತು. ಮಗುವನ್ನು ಎದೆಗೆ ಅವುಚಿಕೊಂಡು ಬೆನ್ನ ಮೇಲೆ ಉರುಳಿದೆ. ಅದಕ್ಕೆ ಒಂದು ಗೀರೂ ಆಗಿಲ್ಲ, ಆಟ ಅಂದುಕೊಂಡು ನಕ್ಕಿತು. ಬಾಗಿಲಲ್ಲಿ ಮೇಡಂ ಇದ್ದರು. ಆವತ್ತಿನಿಂದ ನಾನು ಒಗೆಯುವ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದೇನೆ. ಪರೀಕ್ಷೆಯ ತನಕ ಅಲ್ಲೇ ಇರಿ ಅಂದರು. ಕೂಸುಗಳು ಅಳುವುದು ಗೋಡೆಯಾಚೆಯಿಂದ ಕೇಳಿಸುತ್ತದೆ, ಯಾವುದು ಯಾಕೆ ಅಳುತ್ತಿದೆ ಅಂತ ನನಗೆ ಗೊತ್ತಾಗುತ್ತದೆ. ಹೋಗುವಂತಿಲ್ಲ.

ಡುಮ್ಮಾ, ಅದು ಮೊಣಕಾಲಲ್ಲ. ಯಾವತ್ತೂ ಮೊಣಕಾಲಾಗಿರಲಿಲ್ಲ. ತೊಡೆಸಂದು. ಬರೆದುಬಿಟ್ಟೆ ನೋಡು. ತೊಡೆ ಮೈಗೆ ಸೇರುವ ಕಡೆ, ಮುಂಭಾಗದಲ್ಲಿ, ಬಲಕ್ಕೆ. ಅಲ್ಲಿಂದ ಸೊಂಟದ ಪಕ್ಕಕ್ಕೆ ಸುತ್ತುತ್ತದೆ.

ಅಮ್ಮ ಹೋದ ಮೇಲೆ ನಿನ್ನ ಚಡ್ಡಿ ಒಗೆದವಳು ನಾನು, ನಿನಗೆ ಸ್ನಾನ ಮಾಡಿಸಿದವಳು ನಾನು. ಆದರೂ ಆ ಜಾಗದ ಹೆಸರನ್ನು ನಿನಗೆ ಬರೆಯಲು ಕೈ ಬರಲಿಲ್ಲ. ನಿನ್ನ ಭಾವನಿಗೂ ಹೇಳಿರಲಿಲ್ಲ. ನೀನು ಹೇಳಿದ ಹಾಗೆ ಅವರು ಒಂದು ಭಾನುವಾರ ಹಿಂದೆ ಕೂತು ಒತ್ತಿದರು. ನಾನು ಕಿರುಚಿದೆ. ಪಾಪ, ತಾವೇ ಏನೋ ಮುರಿದುಬಿಟ್ಟೆವು ಅಂದುಕೊಂಡು ಇವತ್ತಿಗೂ ನನ್ನ ಹತ್ತಿರ ಕೂರಲು ಹೆದರುತ್ತಾರೆ.

ನಿನ್ನ ತಪ್ಪೇನಿಲ್ಲ. ಸುಳ್ಳು ಹೇಳಿದವಳು ನಾನು. ನಾಚಿಕೆಯಿಂದ ನೆಲಕ್ಕಿಳಿದುಹೋಗಿದ್ದೇನೆ. ಮಗುವಿಗೆ ಏನಾದರೂ ಆಗಿದ್ದರೆ?

ಏನಾದರೂ ದಾರಿ ಇದ್ದರೆ ಬರೆ. ಇಲ್ಲದಿದ್ದರೂ ಬರೆ.

ಅಕ್ಕ


ಆಗಸ್ಟ್ 9

ಅಕ್ಕಾ,

ಚಿಟ್ಟೆಯನ್ನು ಇವತ್ತೇ ನಿಲ್ಲಿಸು. ಕುಕ್ಕುರುಗಾಲು ನಿಲ್ಲಿಸು. ಯಾರೂ ಎಲ್ಲೂ ಒತ್ತುವುದು ಬೇಡ. ನನ್ನ ಕಡ್ಡಿಮನುಷ್ಯರನ್ನು ಗೋಡೆಯಿಂದ ತೆಗೆ.

ಮೊದಲೇ ಹೇಳಬಾರದಿತ್ತೇ ನೀನು? ಇರಲಿ.

ಎಳೆತ ಬೇರೆ, ಹಿಡಿತ ಬೇರೆ. ತೊಡೆಯ ಉದ್ದಕ್ಕೆ ಎಳೆದರೆ ಪರವಾಗಿಲ್ಲ. ಮುಂದೆ, ಮಡಿಕೆ ಬೀಳುವ ಕಡೆ, ಏನೋ ಸಿಕ್ಕಿಹಾಕಿಕೊಂಡ ಹಾಗೆ ಆದರೆ ಅಲ್ಲಿಗೆ ಬಿಡಬೇಕು, ಉಸಿರು ಬಿಗಿಹಿಡಿದು ಮುಂದುವರಿಸಬಾರದು. ಹಿಡಿಯುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಲು ಕಲಿ.

ನೆಲಕ್ಕೆ ನೇರವಾಗಿ ಕೂರಬೇಡ. ದಪ್ಪ ಕಂಬಳಿ ಮಡಿಸಿ ಅದರ ಅಂಚಿನಲ್ಲಿ ಕೂರು, ಮೊಣಕಾಲು ಸೊಂಟಕ್ಕಿಂತ ಕೆಳಗಿರುವಷ್ಟು ಎತ್ತರ ಬೇಕು. ಪಾದ ಜೋಡಿಸಿ ಕೂರುವುದಾದರೆ ಹಿಮ್ಮಡಿಯನ್ನು ಮೈಯಿಂದ ದೂರ ಇಡು, ತೊಡೆಗಳ ಕೆಳಗೆ ದಿಂಬು ಇಡು. ತೊಡೆ ಜೋತಾಡಬಾರದು, ಅದಕ್ಕೆ ಕೆಳಗೆ ಒಂದು ಆಸರೆ ಸಿಕ್ಕರೆ ತಾನಾಗಿ ಸಡಿಲವಾಗುತ್ತದೆ. ನಿಂತು ಮಾಡುವುದರಲ್ಲಿ ಹೆಜ್ಜೆ ಸಣ್ಣದಿರಲಿ. ಪುಸ್ತಕದಲ್ಲಿ ಸೊಂಟವನ್ನು ನೇರ ಮುಂದಕ್ಕೆ ಇಡಿ ಎಂದಿರುತ್ತದೆ, ಕೇಳಬೇಡ, ಅದು ಎತ್ತ ತಿರುಗುತ್ತದೋ ಅತ್ತ ತಿರುಗಲಿ. ಮಲಗಿ ಮೊಣಕಾಲನ್ನು ಎದೆಗೆ ತರುವಾಗ ನೇರ ಎಳೆಯಬೇಡ, ಸ್ವಲ್ಪ ಹೊರಕ್ಕೆ, ಬಲಭುಜದ ಕಡೆಗೆ ತಾ. ಬಾಲಾಸನದಲ್ಲಿ, ಅಂದರೆ ಮಂಡಿಯೂರಿ ಮುಂದಕ್ಕೆ ಬಾಗುವಾಗ, ಮೊಣಕಾಲು ಅಗಲ ಮಾಡಿ ಹೊಟ್ಟೆಯ ಕೆಳಗೆ ದಿಂಬು ಹಾಕಿಕೋ. ಹಿಮ್ಮಡಿಯ ಮೇಲೆ ಕೂರಲೇಬೇಕು ಎಂದೇನಿಲ್ಲ.

ಏಳುವಾಗ ಮೊದಲು ಮಂಡಿಯೂರು, ಎಡಗಾಲನ್ನು ಮುಂದಿಡು, ಮಗು ಎಡಗಡೆ ಇರಲಿ, ಬಲಗೈ ಒಂದು ಗಿಡ್ಡ ಸ್ಟೂಲಿನ ಮೇಲೆ. ಕೈ ಆಸರೆ ಬಿಟ್ಟು ಏಳುವುದನ್ನು ಆಮೇಲೆ ನೋಡೋಣ.

ಮಲಗುವಾಗ ಮೊಣಕಾಲುಗಳ ನಡುವೆ ದಿಂಬು. ಕಾಲುಚೀಲ ಹಾಕುವಾಗ ಕಾಲನ್ನು ಮೇಲೆತ್ತಬೇಡ, ಹಿಂದಕ್ಕೆ ಮಡಿಸಿ ಗೋಡೆಗೆ ಒರಗಿ ಹಾಕಿಕೋ. ಕಾರಿನಿಂದ ಇಳಿಯುವಾಗ ಎರಡೂ ಕಾಲನ್ನು ಒಟ್ಟಿಗೆ ಹೊರಗಿಟ್ಟು, ಒಂದು ಗಳಿಗೆ ಕೂತು, ಆಮೇಲೆ ಏಳು. ಯಾರಾದರೂ ನೋಡುತ್ತಿದ್ದರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿದರೆ ಆಯಿತು.

ಇಲ್ಲಿ ಒಬ್ಬರಿಗೆ ಹೀಗೇ ಇತ್ತು, ಅವರಿಗೆ ಹೇಳಿಕೊಟ್ಟದ್ದು. ವೈದ್ಯರಿಗೂ ತೋರಿಸು.

ತಮ್ಮ


ಆಗಸ್ಟ್ 17

ಡುಮ್ಮಾ,

ಕಂಬಳಿ ಮಡಿಸಿ ಕೂತೆ. ದಿಂಬು ಇಟ್ಟೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಏನೂ ನೋಯದೆ ನೆಲದ ಮೇಲೆ ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ಮಗಳು ಬಂದು ಇದೂ ಯೋಗಾನಾ, ಬರೀ ದಿಂಬಿನ ಅಂಗಡಿ ಅಂದಳು. ನಗುತ್ತಾ ಅತ್ತೆ.

ವೈದ್ಯರ ಹತ್ತಿರವೂ ಹೋಗಿದ್ದೆ. ಹೆಂಗಸು, ಮಗಳ ವಯಸ್ಸಿನವರು. ಎಕ್ಸ್‌ರೇ ತೆಗೆಸಿ ತೋರಿಸಿದರು. ತೊಡೆಮೂಳೆಯ ತಲೆ ಕೂರುವ ಬಟ್ಟಲು ಇದೆಯಲ್ಲ, ಅದರ ಆಕಾರ ಹುಟ್ಟಿನಿಂದಲೇ ಹೀಗಂತೆ. ಕೆಲವು ಕಡೆಗೆ ಕಾಲು ತಿರುಗುವುದೇ ಇಲ್ಲ, ತಿರುಗಿಸಿದರೆ ಮೂಳೆಗೆ ಮೂಳೆ ತಾಗಿ ಅಂಚು ಜಜ್ಜಿಹೋಗುತ್ತದಂತೆ. ನನ್ನದು ಈಚೆಗೆ ಜಾಸ್ತಿ ಜಜ್ಜಿದೆಯಂತೆ. ಇಷ್ಟು ಒತ್ತಲು ಯಾರು ಹೇಳಿದರು ಅಂತ ಕೇಳಿದರು. ಪುಸ್ತಕ ನೋಡಿಕೊಂಡು ಮಾಡಿದೆ ಅಂದೆ. ನಿನ್ನ ಹೆಸರು ಯಾಕೆ ತರಲಿ.

ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ಇದು ಒಂದೇ ಮನೆಯವರಲ್ಲಿ ಕಾಣಿಸುತ್ತದೆ ಅಂತಲೂ ಕೇಳಿದರು. ಇಲ್ಲ ಅಂದೆ. ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ನೆನಪಾದರು. ಪಾದಗಳನ್ನು ಹೊರಕ್ಕೆ ಹಾಕಿ ನಡೆಯುತ್ತಿದ್ದರಲ್ಲ, ಬೀದಿಯ ಹುಡುಗರು ಹಿಂದಿನಿಂದ ಅಣಕಿಸುತ್ತಿದ್ದರು. ಏನಾಗಿದೆ ಅಂತ ಕೇಳಿದರೆ ಮೊಣಕಾಲು ಅನ್ನುತ್ತಿದ್ದರು.

ಆಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಕಾಲುಚೀಲ, ಗೋಡೆ, ಸರಿ. ಚಪ್ಪಲಿ ಸರಿಮಾಡಿಕೊಳ್ಳುವ ನಾಟಕವನ್ನು ಯಾವ ವಿದ್ಯಾರ್ಥಿ ಬಂದು ತನ್ನ ಮೇಷ್ಟ್ರಿಗೆ ಹೇಳುತ್ತಾನೆ? ನಾನು ಕಪಾಟಿನಲ್ಲಿ ಹುಡುಕುವುದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಮಾತ್ರ ಬರೆದೆ.

ಯಾರೋ ಆ ಒಬ್ಬರು? ನೀನು ಪದ್ಮಾಸನ ಹಾಕಿ ಎಷ್ಟು ದಿನವಾಯಿತು? ನಮ್ಮ ಮನೆಗೆ ಯಾಕೆ ಬರುತ್ತಿಲ್ಲ? ನಿನಗೆ ನಡೆಯಲು ಕಲಿಸಿದವಳು ನಾನು, ಗೇಟಿನಿಂದ ಬಾಗಿಲಿಗೆ ನಡೆದು ಬಂದರೆ ನನಗೆ ಗೊತ್ತಾಗಿಬಿಡುತ್ತದೆ ಅಂತಲಾ?

ಅಕ್ಕ


ಆಗಸ್ಟ್ 25

ಅಕ್ಕಾ,

ಹೌದು.

ಮೂರು ವರ್ಷವಾಗುತ್ತಾ ಬಂತು. ಮೊದಲು ಎಡಗಡೆ, ಈಗ ಎರಡೂ ಕಡೆ. ಪದ್ಮಾಸನ ಬಿಡು, ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಹಾಲ್‌ನ ಗೋಡೆಯ ಮೇಲೆ ನನ್ನ ಪದ್ಮಾಸನದ ಫೋಟೋ ಆಳೆತ್ತರಕ್ಕೆ ಇದೆ, ಅದರ ಕೆಳಗೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ಕಂಬಳಿ ದಿಂಬು ಎಲ್ಲ ಹರಡಿಕೊಂಡು ನನ್ನ ಅಭ್ಯಾಸ ಮಾಡುತ್ತೇನೆ. ನಿನಗೆ ಬರೆದದ್ದೆಲ್ಲ ಹಾಗೆ ಬಿದ್ದು ಎದ್ದು ಕಂಡುಕೊಂಡದ್ದು. ಯಾರಿಗೂ ಕಲಿಸಿಲ್ಲ. ಕಲಿಸಿದರೆ ಸರ್ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ. ಇವಳಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದಾಳೆ.

ಇಷ್ಟೇ ಆಗಿದ್ದರೆ ನಾನು ನಿನಗೆ ಮುಖ ತೋರಿಸಬಹುದಿತ್ತು. ಇನ್ನೂ ಒಂದಿದೆ. ಬರೆಯಲು ಕೂತು ಎದ್ದುಹೋಗಿ, ಮತ್ತೆ ಬಂದು ಕೂತಿದ್ದೇನೆ.

ನೋವು ಮೇಲಕ್ಕೆ ಹೋಗುವುದುಂಟಾ ಎಂದು ನೀನು ಜೂನ್ ಕೊನೆಗೆ ಬರೆದೆ. ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗೆ ಎಂದು ಬರೆದೆ. ಅದನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ನನಗೂ ಹಾಗೇ ಅನ್ನಿಸುವುದು ಅಕ್ಕಾ. ಎಲ್ಲಿ ಎಂದು ಗೊತ್ತಾಯಿತು, ಏನು ಮಾಡಬಾರದು ಎಂದೂ ಗೊತ್ತಿತ್ತು. ಆ ಜಾಗದ ಬಗ್ಗೆ ಅಕ್ಕನನ್ನು ಹೇಗೆ ಕೇಳಲಿ ಎಂದು ಒಂದು ನಾಚಿಕೆ. ಕೇಳಿದರೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ಇನ್ನೊಂದು. ಇರಲಾರದು, ಮೊಣಕಾಲು ಎಂದು ಅವಳೇ ಬರೆದಿದ್ದಾಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಇನ್ನೂ ಒತ್ತು ಎಂದು ಬರೆದೆ. ಭಾವನವರ ಕೈಯಲ್ಲಿ ಒತ್ತಿಸಿದೆ. ನಿನ್ನ ತಪ್ಪೇನಿಲ್ಲ ಎಂದು ನೀನು ಬರೆದ ಮೇಲೂ ಬಾಯಿ ಬಿಡಲಿಲ್ಲ. ಮೊದಲೇ ಹೇಳಬಾರದಿತ್ತೇ ಎಂದು ನಿನ್ನನ್ನೇ ಕೇಳಿದೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ.

ತಮ್ಮ


ಸೆಪ್ಟೆಂಬರ್ 4

ಡುಮ್ಮಾ,

ನಿನ್ನ ಕಾಗದ ಪರೀಕ್ಷೆಯ ಹಿಂದಿನ ದಿನ ಬಂತು.

ಪರೀಕ್ಷೆಯಲ್ಲಿ ಮೇಡಂ, ನರ್ಸ್, ಕಚೇರಿಯ ಒಬ್ಬ ಗಂಡಸು, ಮೂವರು ಕೂತಿದ್ದರು. ಮಗುವಿನ ಬದಲಿಗೆ ಮರಳು ತುಂಬಿದ ಗೊಂಬೆ. ನೀನು ಹೇಳಿದ ಹಾಗೆ ಎಡಗಾಲು ಮುಂದಿಟ್ಟೆ. ಸ್ಟೂಲು ಹಿಡಿದರೆ ಚೆನ್ನಾಗಿ ಏಳುತ್ತೇನೆ, ಹಿಡಿಯದೆ ಆಗಲಿಲ್ಲ. ನರ್ಸು ಎಲ್ಲಿ ನೋವು ಅಂತ ಕೇಳಿದರು. ತೊಡೆಸಂದಿನಲ್ಲಿ ಅಂದೆ. ಆ ಗಂಡಸು ಕಿಟಕಿಯ ಕಡೆ ನೋಡಿದ. ನಾನು ನೋಡಲಿಲ್ಲ. ಈಗ ಹೇಳಿ ಏನು ಪ್ರಯೋಜನ ಅಂತ ಒಳಗೆ ಉರಿಯಿತು, ಮುಖವೂ ಉರಿಯಿತು.

ಕೂಸುಗಳ ಕೋಣೆ ಹೋಯಿತು. ದೊಡ್ಡ ಮಕ್ಕಳ ಕೋಣೆಗೆ ಹಾಕಿದ್ದಾರೆ, ಅಲ್ಲಿ ಮೇಜು ಕುರ್ಚಿ ಇದೆ. ಕೀಲಿನ ಅಂಚು ಇಷ್ಟು ಜಜ್ಜದೆ ಹೋಗಿದ್ದರೆ ಈ ಕಂಬಳಿ ದಿಂಬಿನಲ್ಲೇ ಸುಧಾರಿಸುತ್ತಿತ್ತು ಅಂತ ವೈದ್ಯರು ಹೇಳಿದರು. ಅದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತಿದ್ದೇನೆ. ಇಬ್ಬರೂ ಮುಚ್ಚಿಟ್ಟದ್ದು ಸಾಕು.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ನಿನ್ನ ಜುಲೈ ಕಾಗದವನ್ನು ಹರಿದು ಹಾಕಿದೆ. ಎಷ್ಟು ಸಿಟ್ಟು ಅಂದರೆ, ನೀನು ಎದುರಿಗೆ ಇದ್ದಿದ್ದರೆ ಎರಡು ಬಾರಿಸಿ ಆಮೇಲೆ ಸೊಂಟಕ್ಕೆ ಶಾಖ ಕೊಡುತ್ತಿದ್ದೆ. ಸ್ವಲ್ಪ ದಿನ ಬರೆಯುವುದಿಲ್ಲ. ನೀನು ವೈದ್ಯರಿಗೆ ತೋರಿಸು. ನಿನ್ನ ತರಗತಿಯ ಹೆಂಗಸರಿಗೂ ಹೇಳು.

ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ನೀನು ಬರೆಯುವುದಿಲ್ಲ ಎಂದಿದ್ದೀಯ, ನಾನು ಬರೆಯಬಾರದು ಎಂದಿಲ್ಲ.

ಸೋಮವಾರ ತರಗತಿಯಲ್ಲಿ ಕುರ್ಚಿ ಪಕ್ಕಕ್ಕಿಟ್ಟು, ಎಲ್ಲರ ಎದುರು ಕಂಬಳಿಯ ಮೇಲೆ ಕೂತೆ. ತೊಡೆಗಳ ಕೆಳಗೆ ದಿಂಬು ಇಟ್ಟುಕೊಂಡೆ. ನನ್ನ ಕೈಲಾಗುವುದು ಈಗ ಇಷ್ಟೇ ಎಂದೆ, ಯಾಕೆ ಎಂದೂ ಹೇಳಿದೆ. ನಾನು ಅಂದುಕೊಂಡ ಹಾಗೆ ಯಾರೂ ನಗಲಿಲ್ಲ. ಆದರೆ ಯಾರೂ ನನ್ನ ಮುಖವನ್ನೂ ನೋಡಲಿಲ್ಲ, ಅದು ನಗುವುದಕ್ಕಿಂತ ಕಷ್ಟವಾಯಿತು. ಮೊಣಕಾಲು ನೋವು ಎಂದವರಲ್ಲಿ ನಿಜವಾಗಿ ಮೊಣಕಾಲೇ ನೋಯುವವರು ಯಾರು ಎಂದು ಕೇಳಿದೆ. ಎಲ್ಲರೂ ಚಾಪೆ ನೋಡುತ್ತಾ ಕೂತರು. ಕೇಳಬಾರದಿತ್ತು ಅನ್ನಿಸಿತು. ಇಬ್ಬರು ಬರುವುದನ್ನು ಬಿಟ್ಟಿದ್ದಾರೆ.

ಇವಳಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. "ಅವ್ರು ನಿಮ್ಮ ಹತ್ರ ಹೇಗ್ರೀ ಹೇಳ್ತಾರೆ, ನಾನು ಕೇಳ್ತೀನಿ ಇರಿ" ಎಂದಳು. ಈಗ ಬೆಳಗ್ಗೆ ಬಾಗಿಲ ಹತ್ತಿರ ಅವಳು ಕೂರುತ್ತಾಳೆ, ಒಬ್ಬೊಬ್ಬರಾಗಿ ಅವಳ ಕಿವಿಯಲ್ಲಿ ಹೇಳಿ ಒಳಗೆ ಬರುತ್ತಾರೆ. ಅವಳು ನನಗೆ ಯಾರು ಎಂದು ಹೇಳುವುದಿಲ್ಲ, ಇಷ್ಟು ಕಂಬಳಿ ಹಾಕಿ ಎನ್ನುತ್ತಾಳೆ ಅಷ್ಟೇ. ಕಂಬಳಿ ಸಾಲದೆ ಕೆಳಗಿನ ಅಂಗಡಿಯಿಂದ ಸೋಫಾದ ದಿಂಬು ತಂದಿದ್ದೇವೆ. ಇಷ್ಟು ಜನರ ತೊಡೆಯನ್ನು ನಾನು ಇಷ್ಟು ವರ್ಷ ಕೈಯಾರೆ ಒತ್ತಿದ್ದೇನೆ.

ಫೋಟೋವನ್ನು ಇಳಿಸಿದೆ. ಬಿಳಿ ಗುರುತು ಗೋಡೆಯ ಮೇಲೆ ಹಾಗೇ ಇದೆ, ಬಣ್ಣ ಹೊಡೆಸಬೇಕು.

ನಿನಗೆ ಹೇಗಿದೆ?

ತಮ್ಮ


ಅಕ್ಟೋಬರ್ 11

ಡುಮ್ಮಾ,

ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ನಾನೀಗ ಇರುವ ಕೋಣೆಯಲ್ಲಿ ಒಂದು ಹುಡುಗಿ ಇದ್ದಾಳೆ, ಐದು ತುಂಬಿಲ್ಲ, ವಾಚಾಳಿ. ನಿನ್ನೆ ಜಾರುಬಂಡೆಯಿಂದ ಇಳಿಯುವಾಗ ಒಂದು ಕಾಲು ಅಂಚಿಗೆ ಸಿಕ್ಕಿ ಹೊರಳಿತು. ಅಳುತ್ತಾ, ಕುಂಟುತ್ತಾ ನನ್ನ ಹತ್ತಿರ ಬಂದಳು. ಒಂದು ಕೈಯನ್ನು ತೊಡೆಸಂದಿನ ಮೇಲೆ ಒತ್ತಿ ಹಿಡಿದಿದ್ದಳು. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ಅಲ್ಲೇ ನಿಂತಿದ್ದರು.

ನಾನು ಏನು ಮಾಡಿದೆ ಗೊತ್ತಾ? ಅವಳ ಕೈಯನ್ನು ಅಲ್ಲಿಂದ ತೆಗೆದೆ. ಪಟ್ಟನೆ, ಯೋಚನೆಯೇ ಮಾಡದೆ, ಮೂಗಿನಿಂದ ಬೆರಳು ತೆಗೆಯುವ ಹಾಗೆ. ತೆಗೆದು, "ಮೊಣಕಾಲು ನೋವಾ ಕಂದಾ?" ಅಂದೆ.

ಮಗು ಅಳು ನಿಲ್ಲಿಸಿ ನನ್ನ ಮುಖ ನೋಡಿತು. ಸುತ್ತ ಇದ್ದವರ ಮುಖ ನೋಡಿತು. ಆಮೇಲೆ ತಲೆಯಾಡಿಸಿ, "ಹೂಂ, ಮೊಣಕಾಲು" ಅಂದಿತು.

ನೋಡಿದೆಯಾ ಡುಮ್ಮಾ. ಅಷ್ಟು ಸುಲಭವಾಗಿ ಕಲಿತುಬಿಟ್ಟಿತು. ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಎದುರಿಗೆ ಕುರ್ಚಿಯಲ್ಲಿ ಕೂತು, ನಾನು ತಪ್ಪು ಹೇಳಿದೆ, ಎಲ್ಲಿ ನೋಯುತ್ತೋ ಅಲ್ಲಿ ಕೈ ಇಟ್ಟು ತೋರಿಸು ಅಂತ ಕೇಳಿದೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಎಷ್ಟು ಕೇಳಿದರೂ ಮೊಣಕಾಲು, ಮೊಣಕಾಲು ಅನ್ನುತ್ತಾಳೆ. ಅವಳ ಅಮ್ಮನಿಗೆ ಎಲ್ಲಿ ಅಂತ ಸರಿಯಾಗಿ ಹೇಳಿ, ವೈದ್ಯರಿಗೆ ತೋರಿಸಿ ಅಂತ ಕಳಿಸಿದೆ. ಅವರು ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು.

ಆಗಿನಿಂದ ಒಂದೇ ಯೋಚನೆ. ನೀನು ಚಿಕ್ಕವನಿದ್ದಾಗ ಓಡಿ ಬಂದು ಕಾಲು ನೋವು ಅಂತ ಅಳುತ್ತಿದ್ದೆ, ಅದು ನೆನಪಿದೆ. ನಾನು ಎಣ್ಣೆ ಹಚ್ಚುತ್ತಿದ್ದೆ, ಮೊಣಕಾಲಿಗೆ. ನಿನ್ನ ಕೈ ಎಲ್ಲಿರುತ್ತಿತ್ತು, ನಾನು ಏನು ಹೇಳುತ್ತಿದ್ದೆ, ಅದು ನೆನಪಾಗುತ್ತಿಲ್ಲ. ನೆನಪು ಮಾಡಿಕೊಳ್ಳಲು ಹೆದರಿಕೆಯಾಗುತ್ತಿದೆ ಅಂತಲೇ ಬರೆಯುತ್ತೇನೆ.

ನಿನಗೂ ನಾನು ಹೀಗೇ ಹೇಳಿಕೊಟ್ಟೆನಾ? ಅಕ್ಕನಿಗೆ ಬೇಜಾರಾಗುತ್ತದೆ ಅಂತ ಮುಚ್ಚಿಡಬೇಡ.

ಅಕ್ಕ


ಅಕ್ಟೋಬರ್ 16

ಅಕ್ಕಾ,

ಹೌದು, ನೆನಪಿದೆ.

ಆ ಮಗುವಿಗೆ ಈಗ ಹೇಗಿದೆ? ಅದನ್ನು ಮೊದಲು ಬರೆ.

ತಮ್ಮ